ಮೀಟರ್ 1.2 ತೋರಿಸುತ್ತದೆ, ಶಿರಾಕ್ಕೆ ಮಾತ್ರ ಕೇಳುವುದಿಲ್ಲ

ಪ್ರಶ್ನೆ: ಹೊಸದಾಗಿ ಹ್ಯಾಮ್ ಪರವಾನಗಿ ಪಡೆದವನು ನಾನು. ಮಧುಗಿರಿಯಲ್ಲಿ ಮನೆ. 145 ಮೆಗಾಹರ್ಟ್ಸ್‌ನಲ್ಲಿ ಮಾತಾಡುವ 25 ವ್ಯಾಟ್ ಸೆಟ್ಟು, ಮಹಡಿ ಮೇಲಿನ ಕಂಬಕ್ಕೆ ‘6 ಡಿಬಿ’ ಎಂದು ಹೇಳಿ ಮಾರಿದ ನೆಟ್ಟನೆಯ ಆಂಟೆನಾ, ಎರಡರ ನಡುವೆ 40 ಮೀಟರ್ ಆರ್‌ಜಿ-58 ಕೇಬಲ್. ಎಸ್‌ಡಬ್ಲ್ಯೂಆರ್ 1.2 ಇದೆ, ನೋಡಿದವರೆಲ್ಲ ಭೇಷ್ ಎಂದಿದ್ದಾರೆ. ಆದರೂ ಕೊರಟಗೆರೆಯ ಗೆಳೆಯನಿಗೆ ನನ್ನ ಮಾತು ಅರ್ಧಂಬರ್ಧ ಕೇಳುತ್ತದೆ. ಶಿರಾ, ಪಾವಗಡಕ್ಕೆ ಏನೂ ಇಲ್ಲ. ಅಂಗಡಿಯವರು ‘9 ಡಿಬಿ ಆಂಟೆನಾ ಹಾಕಿ ನೋಡಿ’ ಎನ್ನುತ್ತಾರೆ. ಗೇನ್, ಎಸ್‌ಡಬ್ಲ್ಯೂಆರ್, ಕೇಬಲ್ ಲಾಸ್ ಮೂರೂ ಒಂದೇ ಲೆಕ್ಕಕ್ಕೆ ಸೇರಿದವಲ್ಲವೇ? ಒಂದರ ಕೊರತೆಯನ್ನು ಇನ್ನೊಂದರಲ್ಲಿ ತುಂಬಿಕೊಂಡರೆ ಆಗುವುದಿಲ್ಲವೇ?
— ಒಬ್ಬ ಓದುಗ, ಮಧುಗಿರಿ

ಉತ್ತರ: ನಿಮ್ಮ ಮೀಟರಿನ ಮೇಲೆ ನಿಮಗಿರುವ ಭಕ್ತಿಯನ್ನು ಮೊದಲು ಸ್ವಲ್ಪ ಅಲುಗಾಡಿಸಬೇಕಾಗಿದೆ. ಕಂಬದ ಮೇಲಿನ ಆಂಟೆನಾವನ್ನೇ ಬಿಚ್ಚಿ ಕೆಳಗಿಟ್ಟು, ಕೇಬಲ್ಲಿನ ಆ ತುದಿಯನ್ನು ಬೋಳಾಗಿ ಗಾಳಿಗೆ ಬಿಟ್ಟಿದ್ದೀರಿ ಎಂದುಕೊಳ್ಳಿ. ಕೆಳಗೆ ಸೆಟ್ಟಿನ ಪಕ್ಕ ಕೂತು ಅಳೆದರೆ ಎಸ್‌ಡಬ್ಲ್ಯೂಆರ್ ಎಷ್ಟು ಬರಬೇಕು? ಪುಸ್ತಕ ಹೇಳುವುದು ಅನಂತ. ನಿಮ್ಮ ಮನೆಯಲ್ಲಿ ಬರುವುದು ಹೆಚ್ಚೂ ಕಡಿಮೆ 1.4. ಆಂಟೆನಾ ಇಲ್ಲದಿದ್ದರೂ 1.4! ಹಾಗಿರುವಾಗ ಆಂಟೆನಾ ಇದ್ದಾಗ ಬಂದ 1.2ಕ್ಕೆ ಭೇಷ್ ಎಂದವರು ಯಾವುದಕ್ಕೆ ಭೇಷ್ ಎಂದರು ಎಂಬುದನ್ನು ನೋಡೋಣ.

ಈ ಮೂರರ ಹೆಸರು ಒಟ್ಟಿಗೇ ಕೇಳಿಬರುವುದರಿಂದ ಒಂದೇ ಬಳಗದವೆಂದು ತೋರುತ್ತದೆ, ಅಷ್ಟೆ. ಗೇನ್ ಎಂದರೆ ಹೊರಟ ಅಲೆ ಯಾವ ದಿಕ್ಕಿಗೆ ಎಷ್ಟು ಹೋಯಿತು ಎನ್ನುವ ಮಾತು. ಎಸ್‌ಡಬ್ಲ್ಯೂಆರ್ ಎಂದರೆ ಕೇಬಲ್ಲೂ ಆಂಟೆನಾವೂ ಸೇರುವ ಜಾಗದಲ್ಲಿ ಎಷ್ಟು ಒಳಗೆ ಹೋಯಿತು, ಎಷ್ಟು ವಾಪಸ್ ಬಂತು ಎನ್ನುವ ಮಾತು. ಲಾಸ್ ಎಂದರೆ ದಾರಿಯಲ್ಲೇ ಎಷ್ಟು ಬಿಸಿಯಾಗಿ ಕರಗಿತು ಎನ್ನುವ ಮಾತು. ನಿಮ್ಮ ಮೇಜಿನ ಮೇಲಿನ ಮೀಟರಿಗೆ ಇವುಗಳಲ್ಲಿ ಎರಡನೆಯದು ಮಾತ್ರ ಕಾಣುತ್ತದೆ. ಮೂರನೆಯದು ಕೆಟ್ಟಿದ್ದರೆ ಅದೂ ಸರಿಯಾಗಿ ಕಾಣುವುದಿಲ್ಲ.

ಗೇನ್ ಏನೆಂದು ನಮ್ಮ ಕಡೆಯ ಒಂದು ತಲೆಮಾರಿಗೆ ಯಾರೂ ಪಾಠ ಮಾಡಬೇಕಿಲ್ಲ. ದೂರದರ್ಶನದ ಬೆಂಗಳೂರು ಕೇಂದ್ರ ಶುರುವಾದದ್ದು 1981ರ ನವೆಂಬರ್ 1ರಂದು. ಆಮೇಲಿನ ವರ್ಷಗಳಲ್ಲಿ ಟಿವಿ ತಂದ ಮನೆಯವರೆಲ್ಲ ಉದ್ದನೆಯ ಕಂಬ ನೆಟ್ಟು ಅಲ್ಯೂಮಿನಿಯಂ ಕಡ್ಡಿಗಳ ಆಂಟೆನಾ ಏರಿಸಿ, ಅದರ ಮೂತಿಯನ್ನು ಬೆಂಗಳೂರಿನ ಕಡೆಗೆ ತಿರುಗಿಸುತ್ತಿದ್ದರು. ಒಬ್ಬ ಮಹಡಿ ಮೇಲೆ ಕಂಬ ಹಿಡಿದು, ಒಬ್ಬ ಕಿಟಕಿಯಲ್ಲಿ, ಒಬ್ಬ ಟಿವಿ ಮುಂದೆ. ‘ಬಂತಾ?’ ‘ಇಲ್ಲ, ಇನ್ನೂ ಹುಳಹುಳ.’ ‘ಈಗ?’ ‘ಬಂತು ಬಂತು... ಅಯ್ಯೋ ಹೋಯ್ತು, ಹಿಂದಕ್ಕೆ ತಿರುಗ್ಸು!’ ಆ ಕಂಬ ಹಿಡಿದವನ ಕೈಗೆ ಗೇನ್ ಎಂದರೇನೆಂದು ಗೊತ್ತಿತ್ತು. ಒಂದು ದಿಕ್ಕಿನಲ್ಲಿ ಸಿಕ್ಕಿದ್ದು ಇನ್ನೊಂದು ದಿಕ್ಕಿನಲ್ಲಿ ಕಳೆದಿರುತ್ತದೆ. ಆಂಟೆನಾ ತಾನಾಗಿ ಒಂದು ಗುಲಗಂಜಿಯಷ್ಟು ಶಕ್ತಿಯನ್ನೂ ಹುಟ್ಟಿಸುವುದಿಲ್ಲ. ತೋಟಕ್ಕೆ ನೀರು ಬಿಡುವಾಗ ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿ ಹಿಡಿಯುತ್ತೇವಲ್ಲ, ನೀರು ಅಷ್ಟೇ ಇದ್ದರೂ ದೂರದ ಗಿಡಕ್ಕೆ ಹಾರುತ್ತದಲ್ಲ, ಹಾಗೆ.

ಆ ಕಡ್ಡಿಗಳ ಆಂಟೆನಾದ ಹಿಂದೆ ಇಬ್ಬರು ಜಪಾನೀಯರಿದ್ದಾರೆ. ತೊಹೊಕು ವಿಶ್ವವಿದ್ಯಾಲಯದ ಶಿಂತಾರೊ ಉದ ಮತ್ತು ಹಿದೆತ್ಸುಗು ಯಾಗಿ, ಕಾಲ 1926. ಕೆಲಸದ ಬಹುಪಾಲು ಉದ ಅವರದ್ದು; ಹೆಸರು ಮಾತ್ರ ಯಾಗಿ ಎಂದು ಉಳಿಯಿತು. ವಿದ್ಯುತ್ ಸೇರುವುದು ಒಂದೇ ಕಡ್ಡಿಗೆ. ಅದರ ಹಿಂದಿನ ಉದ್ದ ಕಡ್ಡಿ ಅಲೆಯನ್ನು ಮುಂದಕ್ಕೆ ತಳ್ಳುತ್ತದೆ, ಮುಂದಿನ ಗಿಡ್ಡ ಕಡ್ಡಿಗಳು ಎಳೆದುಕೊಳ್ಳುತ್ತವೆ. ಐದು ಕಡ್ಡಿಯ ಯಾಗಿ ತನ್ನ ಮೂತಿಯ ದಿಕ್ಕಿಗೆ ಸುಮಾರು ಎಂಟು ಪಟ್ಟು ಬಲ ಕೊಡುತ್ತದೆ, ಡೆಸಿಬೆಲ್ಲಿನಲ್ಲಿ ಸುಮಾರು 9. ಡೆಸಿಬೆಲ್ ಲೆಕ್ಕಕ್ಕೆ ಹೆದರಬೇಡಿ: 3 ಎಂದರೆ ಎರಡು ಪಟ್ಟು, 6 ಎಂದರೆ ನಾಲ್ಕು ಪಟ್ಟು, 10 ಎಂದರೆ ಹತ್ತು ಪಟ್ಟು. ಕಳೆಯುವಾಗಲೂ ಇದೇ ಮಗ್ಗಿ ತಲೆಕೆಳಗಾಗಿ.

ಆದರೆ ಎಂಟು ಪಟ್ಟು ಎಂದರೆ ಯಾವುದಕ್ಕಿಂತ ಎಂದು ಕೇಳಬೇಕು. ಅಂಗಡಿಯ ‘6 ಡಿಬಿ’, ‘9 ಡಿಬಿ’ಗಳ ಗುಟ್ಟು ಇರುವುದೇ ಇಲ್ಲಿ. ಎಲ್ಲ ಕಡೆಗೂ ಚೆಂಡಿನಂತೆ ಸಮನಾಗಿ ಹರಡುವ, ಲೆಕ್ಕದಲ್ಲಿ ಮಾತ್ರ ಇರುವ ಆಂಟೆನಾಕ್ಕೆ ಹೋಲಿಸಿದರೆ ಡಿಬಿಐ. ಎರಡು ತೋಳಿನ ಸಾಮಾನ್ಯ ಆಂಟೆನಾವಾದ ಡೈಪೋಲ್‌ಗೆ ಹೋಲಿಸಿದರೆ ಡಿಬಿಡಿ. ಎರಡರ ನಡುವೆ 2.15ರ ವ್ಯತ್ಯಾಸ. ಬರೀ ಡಿಬಿ ಎಂದು ಬರೆದಿದ್ದರೆ ದೊಡ್ಡ ಅಂಕಿ ಕಾಣುವ ಲೆಕ್ಕವನ್ನೇ ಹಾಕಿದ್ದಾರೆ ಎಂದು ತಿಳಿದುಕೊಳ್ಳುವುದು ಕ್ಷೇಮ. ನಿಮ್ಮ 6 ಎಂಬುದು ಡೈಪೋಲ್‌ಗಿಂತ 4 ಹೆಚ್ಚಿದ್ದರೆ ನಿಮ್ಮ ಪುಣ್ಯ.

ನೆಟ್ಟನೆಯ ಆಂಟೆನಾ ಎಲ್ಲ ದಿಕ್ಕಿಗೂ ಸಮ ಹರಡುತ್ತದಲ್ಲ, ಅದಕ್ಕೆ ಗೇನ್ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಆಕಾಶಕ್ಕೂ ನೆಲಕ್ಕೂ ಹೋಗಬೇಕಾದದ್ದನ್ನು ಅದುಮಿ, ದೋಸೆ ಹರವಿದ ಹಾಗೆ ಅಡ್ಡಕ್ಕೆ ಹರವುತ್ತದೆ. ಗೇನ್ ಹೆಚ್ಚಿದಷ್ಟೂ ದೋಸೆ ತೆಳ್ಳಗೆ. ಸಮುದ್ರಮಟ್ಟದಿಂದ ಸುಮಾರು 1,200 ಮೀಟರಿಗೆ ಎದ್ದ ನಿಮ್ಮೂರಿನ ಏಕಶಿಲಾ ಬೆಟ್ಟವನ್ನು ನೆನೆಯಿರಿ. ಯಾರಾದರೂ ಅದರ ನೆತ್ತಿಯ ಮೇಲೆ ಜಾಸ್ತಿ ಗೇನಿನ ಆಂಟೆನಾ ಹಿಡಿದು ನಿಂತರೆ ಅಲೆ ಶಿರಾದ ಬಯಲಿಗೆ ಚೆನ್ನಾಗಿ ಹೋಗುತ್ತದೆ. ಬುಡದಲ್ಲಿರುವ ಮಧುಗಿರಿ ಪೇಟೆಯ ತಲೆಯ ಮೇಲಿಂದ ಹಾದುಹೋಗುತ್ತದೆ. ದೀಪದ ಬುಡದಲ್ಲಿ ಕತ್ತಲು ಎಂದ ಹಾಗೆ. ಹತ್ತಿರವಾದ್ದರಿಂದ ಮಾತು ಕೇಳಿಸೀತು, ಆದರೆ ಪೆಟ್ಟಿಗೆಯ ಮೇಲೆ ಬರೆದ ಗೇನ್ ಪೇಟೆಯವರಿಗೆ ಸಿಗುವುದಿಲ್ಲ.

ಗೇನ್ ಅನ್ನು ನಿಜವಾಗಿ ಕಣ್ಣಿಂದ ನೋಡಬೇಕಾದರೆ ದೂರ ಹೋಗಬೇಕಿಲ್ಲ, ಮಧುಗಿರಿಯಿಂದ ಪೂರ್ವಕ್ಕೆ ಗೌರಿಬಿದನೂರಿನ ದಾರಿ ಹಿಡಿದರೆ ಸಾಕು. ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನಾ ಸಂಸ್ಥೆಯೂ ಸೇರಿ 1970ರ ದಶಕದಲ್ಲಿ ಅಲ್ಲಿ ಒಂದು ರೇಡಿಯೊ ದೂರದರ್ಶಕ ಕಟ್ಟಿದವು. ತಟ್ಟೆ ಇಲ್ಲ, ಗೋಪುರ ಇಲ್ಲ; ಕಂಬ, ತಂತಿ, ಬಯಲು. 1,000 ಡೈಪೋಲ್‌ಗಳನ್ನು ಇಂಗ್ಲಿಷಿನ ಟಿ ಅಕ್ಷರದಂತೆ ಸಾಲಾಗಿ ನಿಲ್ಲಿಸಿದ್ದರು. ಪೂರ್ವ-ಪಶ್ಚಿಮದ ತೋಳು ಸುಮಾರು 1.4 ಕಿಲೋಮೀಟರ್, ದಕ್ಷಿಣಕ್ಕೆ ಚಾಚಿದ್ದು ಸುಮಾರು 450 ಮೀಟರ್. 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆಯ ಸದ್ದು ಕೇಳುವುದು ಅದರ ಕೆಲಸವಾಗಿತ್ತು. ಬಿಡಿಯಾಗಿ ನೋಡಿದರೆ ಒಂದೊಂದು ಡೈಪೋಲೂ ನಿಮ್ಮ ಮನೆಯ ತಂತಿಗಿಂತ ಹೆಚ್ಚಿನದ್ದೇನಲ್ಲ. ಸಾವಿರವೂ ಹೆಜ್ಜೆ ತಪ್ಪದೆ ಒಂದೇ ಕಡೆ ಕಿವಿಗೊಟ್ಟಾಗ ಅದು ಸೂಜಿಯಂಥ ನೋಟವಾಗುತ್ತದೆ.

ಗೇನ್ ಇಷ್ಟು. ಇನ್ನು ಎಸ್‌ಡಬ್ಲ್ಯೂಆರ್‌ಗೆ ಬರೋಣ. ಅತಿ ಹೆಚ್ಚು ಮೂಢನಂಬಿಕೆ ಬೆಳೆದಿರುವುದು ಇದರ ಸುತ್ತ.

ಮನೆಯ ವೈರಿಂಗ್ ಮಾಡುವವರನ್ನು ಎಸ್‌ಡಬ್ಲ್ಯೂಆರ್ ಎಷ್ಟಿದೆ ಎಂದು ಕೇಳಿ ನೋಡಿ. ಮುಖ ಮುಖ ನೋಡುತ್ತಾರೆ. ಅವರ ತಪ್ಪಲ್ಲ. ಮನೆಗೆ ಬರುವ 50 ಹರ್ಟ್ಸ್ ವಿದ್ಯುತ್ತಿನ ಒಂದು ಅಲೆಯ ಉದ್ದ 6,000 ಕಿಲೋಮೀಟರ್. ಬೆಸ್ಕಾಂ ಕಂಬದಿಂದ ನಿಮ್ಮ ಫ್ಯಾನಿನವರೆಗಿನ ತಂತಿ ಆ ಅಲೆಗೆ ಲೆಕ್ಕಕ್ಕೇ ಇಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಬರೀ 2 ಮೀಟರ್. ಕೇಬಲ್ಲಿನೊಳಗೆ ಅದು ಇನ್ನೂ ಕುಗ್ಗುತ್ತದೆ. ನಿಮ್ಮ 40 ಮೀಟರ್ ಕೇಬಲ್ಲಿನಲ್ಲಿ ಮೂವತ್ತು ಅಲೆಗಳು ಒಂದರ ಹಿಂದೊಂದು ಸಾಗುತ್ತಿರುತ್ತವೆ. ಹೀಗೆ ಸಾಗುವ ಅಲೆಗೆ ದಾರಿಯ ಗುಣ ಬದಲಾದರೆ ತಡವರಿಕೆಯಾಗುತ್ತದೆ. ನೂಲಿನ ಹಗ್ಗದ ತುದಿಗೆ ದಪ್ಪ ಮಿಣಿ ಕಟ್ಟಿ, ಈ ಕಡೆಯಿಂದ ಒಮ್ಮೆ ಜಾಡಿಸಿ ನೋಡಿ. ಗಂಟಿನವರೆಗೆ ಓಡಿದ ಅಲೆ ಅಲ್ಲಿ ಒಡೆಯುತ್ತದೆ. ಒಂದು ಪಾಲು ಮಿಣಿಗೆ ದಾಟುತ್ತದೆ, ಒಂದು ಪಾಲು ನಿಮ್ಮ ಕೈಗೇ ವಾಪಸ್ ಬರುತ್ತದೆ. ಹೋಗುವ ಅಲೆ, ಬರುವ ಅಲೆ ಎರಡೂ ಬೆರೆತು ಕೆಲವು ಜಾಗದಲ್ಲಿ ಉಬ್ಬಿ, ಕೆಲವು ಜಾಗದಲ್ಲಿ ತಗ್ಗಿ, ನಿಂತ ಅಲೆಯ ಹಾಗೆ ಕಾಣುತ್ತದೆ. ಆ ಉಬ್ಬಿಗೂ ತಗ್ಗಿಗೂ ಇರುವ ಅನುಪಾತವೇ ಎಸ್‌ಡಬ್ಲ್ಯೂಆರ್. ಕೇಬಲ್ಲಿನ ಗುಣ 50 ಓಮ್, ಆಂಟೆನಾದ್ದೂ 50 ಓಮ್ ಆದರೆ ಗಂಟೇ ಇಲ್ಲದಂತೆ, ಅನುಪಾತ 1.

ಹಳೆಯ ಟಿವಿಯಲ್ಲಿ ಇಂಥ ವಾಪಸಾತಿ ಕಣ್ಣಿಗೇ ಕಾಣುತ್ತಿತ್ತು. ವಾರ್ತೆ ಓದುವವರ ಪಕ್ಕದಲ್ಲಿ ಅವರದೇ ಮಸುಕು ನೆರಳು ಇನ್ನೊಂದು! ಬಂಡೆಬೆಟ್ಟಕ್ಕೆ ಬಡಿದು ಒಂದೂವರೆ ಕಿಲೋಮೀಟರ್ ಸುತ್ತಿ ಬಂದ ಅಲೆ 5 ಮೈಕ್ರೊಸೆಕೆಂಡ್ ತಡವಾಗಿ ಬರುತ್ತಿತ್ತು. ಪರದೆಯ ಮೇಲೆ ಒಂದು ಗೆರೆ ಎಳೆಯಲು ಹಿಡಿಯುವ ಸಮಯವೇ 52 ಮೈಕ್ರೊಸೆಕೆಂಡ್. ಹಾಗಾಗಿ ನೆರಳು ಪರದೆಯ ಹತ್ತನೇ ಒಂದು ಪಾಲು ಬಲಕ್ಕೆ ಬೀಳುತ್ತಿತ್ತು. ಕೇಬಲ್ಲಿನ ಎರಡೂ ತುದಿ ಹೊಂದದೆ ಅಲೆ ಒಳಗೊಳಗೇ ಓಡಾಡಿದರೆ ತಡವಾಗುವುದು ಬಹಳ ಕಡಿಮೆ. ಅಂಚುಗಳು ಕಲಸಿದ ಹಾಗೆ ಕಾಣುತ್ತಿದ್ದವು. ಮೊದಲನೆಯದಕ್ಕೆ ಕಂಬ ತಿರುಗಿಸುವುದು ಮದ್ದು, ಎರಡನೆಯದಕ್ಕೆ ಹೊಂದಾಣಿಕೆ. ಚಪ್ಪಟೆ ರಿಬ್ಬನ್ ವೈರಿನಿಂದ ದುಂಡು ಕೇಬಲ್ಲಿಗೆ ಬದಲಾಯಿಸುವಾಗ ಪುಟ್ಟದೊಂದು ಬಲುನ್ ಹಾಕುತ್ತಿದ್ದದ್ದು 300 ಓಮನ್ನು 75 ಓಮಿಗೆ ಹೊಂದಿಸಲಿಕ್ಕೆ.

ಈಗ ಮೂಢನಂಬಿಕೆಗೆ ಬರೋಣ. ಎಸ್‌ಡಬ್ಲ್ಯೂಆರ್ 1.5 ಇದ್ದರೆ ವಾಪಸ್ ಬರುವುದು ನೂರಕ್ಕೆ 4 ಪಾಲು. 2 ಇದ್ದರೆ 11. 3 ಆದಾಗ 25. ಅಂದರೆ 1.5ನ್ನು ಹೆಣಗಾಡಿ 1.1ಕ್ಕೆ ಇಳಿಸಿದವರು ಗಳಿಸಿದ್ದು ಡೆಸಿಬೆಲ್ಲಿನ ಐದನೇ ಒಂದು ಭಾಗಕ್ಕಿಂತ ಕಡಿಮೆ. ಶಿರಾದ ಗೆಳೆಯನ ಕಿವಿಗೆ ಅದು ತಿಳಿಯುವುದೇ ಇಲ್ಲ. ಇನ್ನೊಂದು: ವಾಪಸ್ ಬಂದದ್ದೆಲ್ಲ ಹಾಳಾಯಿತು ಎಂಬುದೂ ಸುಳ್ಳು. ಕೇಬಲ್ಲು ಒಳ್ಳೆಯದಾಗಿದ್ದು ಕೆಳಗೆ ಟ್ಯೂನರ್ ಇದ್ದರೆ ಬಂದ ಅಲೆ ತಿರುಗಿ ಮೇಲಕ್ಕೆ ಹೋಗುತ್ತದೆ, ಕೊನೆಗೆ ಬಹುಪಾಲು ಹೊರಬೀಳುತ್ತದೆ. ಎರಡು ತಂತಿಯನ್ನು ಏಣಿಯ ಹಾಗೆ ಸಮಾನಾಂತರ ಕಟ್ಟಿ ಹಳೆಯ ಹ್ಯಾಮ್‌ಗಳು 8, 10 ಎಸ್‌ಡಬ್ಲ್ಯೂಆರ್ ಇಟ್ಟುಕೊಂಡೇ ಜಗತ್ತಿನ ಜೊತೆ ಮಾತಾಡುತ್ತಿದ್ದರು. ಎಸ್‌ಡಬ್ಲ್ಯೂಆರ್ ಜಾಸ್ತಿಯಾದರೆ ನಿಜವಾದ ತೊಂದರೆ ಇಂದಿನ ಸೆಟ್ಟುಗಳಿಗೆ. 2 ದಾಟುತ್ತಿದ್ದಂತೆ ಅವು ತಮ್ಮನ್ನು ಕಾಪಾಡಿಕೊಳ್ಳಲು ತಾವಾಗಿಯೇ ಪವರ್ ಇಳಿಸತೊಡಗುತ್ತವೆ.

ಎಲ್ಲಕ್ಕಿಂತ ಮುಖ್ಯವಾದದ್ದು, ಎಸ್‌ಡಬ್ಲ್ಯೂಆರ್ 1 ಇದ್ದ ಮಾತ್ರಕ್ಕೆ ಆಂಟೆನಾ ಒಳ್ಳೆಯದೆಂದಲ್ಲ. ಡಮ್ಮಿ ಲೋಡ್ ಎಂಬ ಡಬ್ಬಿ ನೋಡಿದ್ದೀರಲ್ಲ, ಒಳಗೆ 50 ಓಮಿನ ರೆಸಿಸ್ಟರ್ ಅಷ್ಟೆ. ಅದರ ಎಸ್‌ಡಬ್ಲ್ಯೂಆರ್ ಅಪ್ಪಟ 1. ಕೊಟ್ಟದ್ದನ್ನೆಲ್ಲ ತಕರಾರಿಲ್ಲದೆ ನುಂಗಿ ಬಿಸಿಯಾಗುತ್ತದೆ. ಪಕ್ಕದ ಬೀದಿಗೂ ಏನೂ ಕೇಳಿಸುವುದಿಲ್ಲ.

ನಿಮ್ಮ 40 ಮೀಟರ್ ಆರ್‌ಜಿ-58 ಆ ಡಮ್ಮಿ ಲೋಡಿನ ದೂರದ ನೆಂಟ. ಲಾಸ್ ಎಂದರೇನೆಂದು ಬೋರ್‌ವೆಲ್ ಇರುವ ರೈತರಿಗೆ ಗೊತ್ತು. ಮೋಟಾರು ಎಷ್ಟೇ ಜೋರಿನದಿರಲಿ, ಸಣ್ಣ ಪೈಪಿನಲ್ಲಿ ಅರ್ಧ ಕಿಲೋಮೀಟರ್ ಸಾಗಿಸಿದರೆ ತುದಿಯ ಡ್ರಿಪ್ಪಿಗೆ ಒತ್ತಡವೇ ಇರುವುದಿಲ್ಲ. ನೀರಿನಲ್ಲಿ ತಿಕ್ಕಾಟ, ಕೇಬಲ್ಲಿನಲ್ಲಿ ತಾಮ್ರದ ಅಡ್ಡಿ, ನಡುವಿನ ಪ್ಲಾಸ್ಟಿಕ್ಕಿನ ಹೀರುವಿಕೆ. ಪಾವಗಡದ ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆಯಲ್ಲ, ಅಲ್ಲಿಂದ ಕರೆಂಟು ಹೊರಡುವಾಗ ವೋಲ್ಟೇಜನ್ನು 400 ಕಿಲೋವೋಲ್ಟಿಗೆ ಏರಿಸುವುದು ದಾರಿಯ ನಷ್ಟ ತಗ್ಗಿಸಲಿಕ್ಕೇ. ನಮಗೆ ಆ ಉಪಾಯವಿಲ್ಲ. ಕೇಬಲ್ಲಿನ 50 ಓಮ್ ಬದಲಾಗುವುದಿಲ್ಲ. ನಮಗಿರುವ ದಾರಿ ಎರಡೇ: ಕೇಬಲ್ ಗಿಡ್ಡ ಮಾಡಬೇಕು, ಇಲ್ಲವೇ ದಪ್ಪ ಮಾಡಬೇಕು. ಆವರ್ತನ ಏರಿದಷ್ಟೂ ಲಾಸ್ ಏರುತ್ತದೆ ಎಂಬುದೂ ನೆನಪಿರಲಿ.

ಲೆಕ್ಕ ಹಾಕೋಣ. 145 ಮೆಗಾಹರ್ಟ್ಸ್‌ನಲ್ಲಿ ಆರ್‌ಜಿ-58 ನೂರು ಮೀಟರಿಗೆ ಸುಮಾರು 20 ಡಿಬಿ ತಿನ್ನುತ್ತದೆ. 40 ಮೀಟರಿಗೆ 8. ನಿಮ್ಮ 25 ವ್ಯಾಟಿನಲ್ಲಿ ಮೇಲೆ ತಲುಪುವುದು 4 ವ್ಯಾಟ್. ಅಲ್ಲಿಗೇ ಮುಗಿಯಲಿಲ್ಲ. ಮೇಲಿಂದ ವಾಪಸ್ ಬರುವ ಅಲೆಯೂ ಅದೇ ಕೇಬಲ್ಲಿನಲ್ಲಿ ಇಳಿಯುವಾಗ ಮತ್ತೆ 8 ಡಿಬಿ ಕಳೆದುಕೊಳ್ಳುತ್ತದೆ. ಹೋಗಿ ಬರುವಷ್ಟರಲ್ಲಿ 16. ಅಂದರೆ ನಲವತ್ತರಲ್ಲಿ ಒಂದು ಪಾಲು. ಮೇಲೆ ಇಡೀ ಅಲೆ ತಿರುಗಿ ಬಂದರೂ ಕೆಳಗಿನ ಮೀಟರಿಗೆ ಕಾಣುವುದು ಇಷ್ಟು ಪುಡಿ. ಆಂಟೆನಾ ಇಲ್ಲದಿದ್ದಾಗಲೂ 1.4 ಬರುವುದು ಹೀಗೆ. ಇದೇ ಲೆಕ್ಕವನ್ನು ತಿರುಗಿಸಿ ಹಾಕಿದರೆ, ಕೆಳಗೆ ನಿಮಗೆ ಕಂಡ 1.2 ಎಂಬುದು ಮೇಲೆ, ಆಂಟೆನಾದ ಬಾಯಲ್ಲಿ, 3.7ರ ಆಸುಪಾಸು! ಹೊಂದಾಣಿಕೆ ಕೆಟ್ಟಿದೆ, ಕೇಬಲ್ಲು ಅದನ್ನು ಮುಚ್ಚಿಟ್ಟಿದೆ. ಹೊಂದದ ಆಂಟೆನಾದಿಂದಾಗಿ ಕೇಬಲ್ಲಿನ ನಷ್ಟ ಇನ್ನಷ್ಟು ಏರಿ ಒಟ್ಟು 9.7 ಡಿಬಿಯ ಹತ್ತಿರ ಬರುತ್ತದೆ. 25 ವ್ಯಾಟಿನಲ್ಲಿ ಗಾಳಿಗೆ ಹೊರಡುವುದು ಎರಡೂಮುಕ್ಕಾಲು ವ್ಯಾಟ್ ಕೂಡ ಇಲ್ಲ. ಉಳಿದದ್ದು ನಿಮ್ಮ ಗೋಡೆಯ ಉದ್ದಕ್ಕೂ ಬಿಸಿಯಾಗಿ ಹೋಯಿತು.

ಅಂಗಡಿಯವರ ಮಾತು ಕೇಳಿ 9 ಡಿಬಿ ಆಂಟೆನಾ ಹಾಕಿದರೆ, ಅವರ ಅಂಕಿ ನಿಜವೇ ಆದರೂ, 3 ಡಿಬಿ ಲಾಭ. ಅದರ ಬದಲು ಎಲ್‌ಎಂಆರ್-400 ದರ್ಜೆಯ ದಪ್ಪ ಕೇಬಲ್ ಹಾಕಿದರೆ ನೂರು ಮೀಟರಿಗೆ ಲಾಸ್ ಸುಮಾರು 5 ಡಿಬಿ, ನಿಮ್ಮ 40 ಮೀಟರಿಗೆ 2. ಲಾಭ 6 ಡಿಬಿ. ಸೆಟ್ಟಿನ ಪವರನ್ನು ನಾಲ್ಕು ಪಟ್ಟು ಮಾಡಿದಷ್ಟು. ಆರ್‌ಜಿ-213 ನಡುವಿನದ್ದು, ಸುಮಾರು 3.6. ನಿಮ್ಮ ಪ್ರಶ್ನೆಯ ಕೊನೆಯ ಭಾಗಕ್ಕೆ ಉತ್ತರ ಇದರಲ್ಲಿದೆ: ಗೇನಿನಿಂದ ಲಾಸ್ ತುಂಬಿಕೊಳ್ಳಬಹುದು, ಅಂಕಗಣಿತ ಬೇಡವೆನ್ನುವುದಿಲ್ಲ. ಆದರೆ ಗೇನ್ ಕೊಡುವುದು ಒಂದು ದಿಕ್ಕಿಗೆ, ಲಾಸ್ ಕಿತ್ತುಕೊಳ್ಳುವುದು ಎಲ್ಲ ದಿಕ್ಕಿನಿಂದ. ಎಸ್‌ಡಬ್ಲ್ಯೂಆರ್ ಚೆನ್ನಾಗಿದ್ದು ಇವೆರಡನ್ನೂ ತುಂಬಿಕೊಡುವುದಂತೂ ಆಗದ ಮಾತು.

ನಾನೂ ಇದಕ್ಕೆ ಬಲಿಯಾದವನೇ. ಒಂದು ಮಳೆಗಾಲ ನನ್ನ ಆಂಟೆನಾದ ಎಸ್‌ಡಬ್ಲ್ಯೂಆರ್ 1.6ರಿಂದ ತಾನಾಗಿ 1.1ಕ್ಕೆ ಇಳಿಯಿತು. ವರುಣದೇವನ ಕೃಪೆ ಎಂದು ಬೀಗಿದೆ. ಎರಡು ವಾರ ಯಾರೂ ನನಗೆ ಉತ್ತರ ಕೊಡಲಿಲ್ಲ. ಎಲ್ಲರೂ ಊರಿಗೆ ಹೋಗಿದ್ದಾರೇನೋ ಅಂದುಕೊಂಡೆ. ಕೊನೆಗೆ ಕಂಬ ಇಳಿಸಿ ಮೇಲಿನ ಕನೆಕ್ಟರ್ ಬಿಚ್ಚಿದರೆ ಒಂದು ಚಮಚ ನೀರು ಸುರಿಯಿತು. ಟೇಪು ಸುತ್ತಿದ್ದೆ, ಸರಿಯಾಗಿ ಸುತ್ತಿರಲಿಲ್ಲ. ಕೇಬಲ್ಲಿನ ಒಳ ಜಾಲರಿ ಕಪ್ಪಾಗಿ ಹೋಗಿತ್ತು. ಅಂದಿನಿಂದ ಎಸ್‌ಡಬ್ಲ್ಯೂಆರ್ ಕಾರಣವಿಲ್ಲದೆ ಒಳ್ಳೆಯದಾದರೆ ನನಗೆ ಭಯವಾಗುತ್ತದೆ.

ಲಾಸ್ ನೀವು ಮಾತಾಡುವಾಗ ಮಾತ್ರವಲ್ಲ, ಕೇಳುವಾಗಲೂ ಕಾಡುತ್ತದೆ. ಶಿರಾದಿಂದ ಬಂದ ಸಣ್ಣ ಸದ್ದೂ ಕೇಬಲ್ಲಿನಲ್ಲಿ ಇಳಿಯುವಷ್ಟರಲ್ಲಿ 8 ಡಿಬಿ ಕಳೆದುಕೊಂಡು, ಸೆಟ್ಟಿನ ಸ್ವಂತ ಗೊರಗೊರದಲ್ಲಿ ಮುಳುಗುತ್ತದೆ. ಟಿವಿ ಕಾಲದಲ್ಲಿ ಬೂಸ್ಟರನ್ನು ಕಂಬದ ಮೇಲೇ ಹಾಕಬೇಕು, ಟಿವಿಯ ಹಿಂದೆ ಹಾಕಿದರೆ ಹುಳ ಇನ್ನೂ ದಪ್ಪಗೆ ಕಾಣುತ್ತದೆ ಎನ್ನುತ್ತಿದ್ದರಲ್ಲ, ಕಾರಣ ಇದೇ. ಕರಗಿ ಹೋದ ಮೇಲೆ ದೊಡ್ಡದು ಮಾಡಿದರೆ ದೊಡ್ಡದಾಗುವುದು ಗೊರಗೊರವೇ. ಗೌರಿಬಿದನೂರಿನ ಕೆಳ ಆವರ್ತನದಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಆಕಾಶದ ಸದ್ದೇ ಯಂತ್ರದ ಸದ್ದಿಗಿಂತ ಜೋರು. ಕೇಬಲ್ಲು ಸ್ವಲ್ಪ ತಿಂದರೂ ಎರಡೂ ಒಟ್ಟಿಗೇ ತಗ್ಗುವುದರಿಂದ ಕೇಳುವುದಕ್ಕೆ ಅಷ್ಟು ಕುಂದಿಲ್ಲ.

ಇಷ್ಟೆಲ್ಲ ಸರಿಮಾಡಿದರೂ ಪಾವಗಡ ಕೇಳೀತೆಂದು ನಾನು ಮಾತು ಕೊಡಲಾರೆ. 145 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೇರ ದಾರಿಯದು, ಭೂಮಿ ದುಂಡಗಿದೆ. ಕಂಬದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ಅದರ ವರ್ಗಮೂಲವನ್ನು 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಎಷ್ಟು ಕಿಲೋಮೀಟರ್ ಎಂದು ಸಿಗುತ್ತದೆ. 10 ಮೀಟರ್ ಕಂಬಕ್ಕೆ 13. ಇಬ್ಬರ ಬಳಿಯೂ ಅಂಥ ಕಂಬವಿದ್ದರೆ 26. ನೇರ ಗೆರೆಯಲ್ಲಿ ಮಧುಗಿರಿಯಿಂದ ಶಿರಾಕ್ಕೆ ಸುಮಾರು 35 ಕಿಲೋಮೀಟರ್, ಪಾವಗಡಕ್ಕೆ ಐವತ್ತರ ಹತ್ತಿರ. ಕೊರಟಗೆರೆ ಹದಿನೈದು-ಹದಿನಾರರಲ್ಲೇ ಇದೆ; ನಿಮ್ಮ ಮನೆಗೂ ಅಲ್ಲಿಗೂ ನಡುವೆ ಬೆಟ್ಟವಿದ್ದರೆ ಅರ್ಧಂಬರ್ಧ ಕೇಳುವುದಕ್ಕೆ ಅದೂ ಕಾರಣವಿದ್ದೀತು. ದಿಗಂತ ದಾಟಿದೊಡನೆ ಅಲೆ ಕತ್ತರಿಸಿ ಹೋಗುವುದಿಲ್ಲ, ಬಾಗಿ ಒಂದಿಷ್ಟು ದೂರ ಹರಿಯುತ್ತದೆ. ಆ ಹರಿದು ಬಂದ ಚೂರುಪಾರಿನಲ್ಲೇ 6 ಡಿಬಿಯ ಬೆಲೆ ಗೊತ್ತಾಗುವುದು.

ಎತ್ತರದ ಮುಂದೆ ಪವರ್ ಏನೂ ಅಲ್ಲ ಎಂಬುದಕ್ಕೆ ಒಂದು ಸಾಕ್ಷಿ. ಇಸ್ರೋ 2005ರ ಮೇ 5ರಂದು ಕಾರ್ಟೊಸ್ಯಾಟ್-1ರ ಜೊತೆಗೆ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹವನ್ನು ಹಾರಿಸಿತು, ಹ್ಯಾಮ್‌ಗಳಿಗೆಂದೇ ಮಾಡಿದ್ದು. ಕೆಳಕ್ಕೆ ಅದು ಮಾತಾಡುತ್ತಿದ್ದದ್ದು ನಿಮ್ಮದೇ 145 ಮೆಗಾಹರ್ಟ್ಸ್ ಪಟ್ಟಿಯಲ್ಲಿ, ಸುಮಾರು 1 ವ್ಯಾಟಿನಲ್ಲಿ, 600 ಕಿಲೋಮೀಟರಿಗೂ ಮೇಲಿನಿಂದ. ಕೈಯಲ್ಲಿ ಸಣ್ಣ ಯಾಗಿ ಹಿಡಿದು ಅಂಗಳದಲ್ಲಿ ನಿಂತವರಿಗೆ ಅದು ಕೇಳುತ್ತಿತ್ತು. ನಡುವೆ ಬೆಟ್ಟವಿಲ್ಲ, ಭೂಮಿಯ ಉಬ್ಬಿಲ್ಲ, ಕೇಬಲ್ಲು ಒಂದು ಮೀಟರ್.

ಹಾಗಾದರೆ ಕಂಬವನ್ನು 20 ಮೀಟರಿಗೆ ಏರಿಸಿಬಿಡೋಣವೇ? ಏರಿಸಿ, ಆದರೆ ಆರ್‌ಜಿ-58ರಲ್ಲಿ ಆ 10 ಮೀಟರ್ ಹೆಚ್ಚಿಗೆ ಕೇಬಲ್ಲೇ 2 ಡಿಬಿ ತಿನ್ನುತ್ತದೆ. ದಪ್ಪ ಕೇಬಲ್ಲಿನಲ್ಲಿ ಅದು ಅರ್ಧ ಡಿಬಿ. ಕಂಬ ಏರಿಸುವವರು ಕರೆಂಟ್ ತಂತಿಯಿಂದ ದೂರವಿರಿ. ಕಂಬ ಬಿದ್ದರೂ ತಂತಿಗೆ ತಾಗದಷ್ಟು ದೂರ.

ಪಾವಗಡದ ಗೆಳೆಯನಿಗಾಗಿ ನನ್ನದೊಂದು ಬೇರೆ ಸಲಹೆ: ನಿಮ್ಮಿಬ್ಬರ ಪರವಾನಗಿಯೂ ಅನುಮತಿಸಿದರೆ 7 ಮೆಗಾಹರ್ಟ್ಸ್‌ಗೆ ಇಳಿಯಿರಿ. ಸುಮಾರು 20 ಮೀಟರ್ ತಂತಿಯ ಡೈಪೋಲನ್ನು ಆರೇಳು ಮೀಟರ್ ಎತ್ತರದಲ್ಲಿ ಎರಡು ತೆಂಗಿನ ಮರಕ್ಕೆ ಕಟ್ಟಿದರೆ ಅಲೆ ನೆಟ್ಟಗೆ ಆಕಾಶಕ್ಕೆ ಹೋಗಿ, ಅಯಾನುಗೋಳಕ್ಕೆ ತಾಗಿ, ಕೊಡೆಯ ಹಾಗೆ ಸುತ್ತಲಿನ ಜಿಲ್ಲೆಗಳ ಮೇಲೆ ಇಳಿಯುತ್ತದೆ. ಹಗಲು ಹೊತ್ತಿನಲ್ಲಿ ಬೆಟ್ಟದ ಹಂಗಿಲ್ಲ. ನೀವು ಈಗ ಬೈದುಕೊಳ್ಳುತ್ತಿರುವ ಆರ್‌ಜಿ-58 ಅಲ್ಲಿ 40 ಮೀಟರಿಗೆ ಒಂದೂವರೆ ಡಿಬಿಯಷ್ಟೇ ತಿನ್ನುತ್ತದೆ. ಕೇಬಲ್ಲಿನ ತಪ್ಪಲ್ಲ ಸ್ವಾಮಿ, ಅದನ್ನು ಹಾಕಿದ ಜಾಗದ ತಪ್ಪು.

ಮಾಡಬೇಕಾದ ಕೆಲಸ ಇಷ್ಟೆ. ಮೊದಲು ಯಾರಿಂದಲಾದರೂ ನ್ಯಾನೋ ವಿಎನ್‌ಎ ಎಂಬ ಪುಟ್ಟ ಯಂತ್ರವನ್ನು ಕೇಳಿ ತನ್ನಿ. ಮುಂದೆ ಹೇಳುವ ಪರೀಕ್ಷೆಯನ್ನು ಸೆಟ್ಟಿನ ಪೂರ್ತಿ ಪವರ್ ಒತ್ತಿ ಮಾಡಬೇಡಿ. ಮೇಲಿನ ತುದಿ ಬಿಚ್ಚಿ, ಕೆಳಗಿನಿಂದ 145ರಲ್ಲಿ ಅಳೆಯಿರಿ. ಹೊಸ ದಪ್ಪ ಕೇಬಲ್ಲಾದರೆ 4 ದಾಟಿದ ಅಂಕಿ ಬರುತ್ತದೆ, ಅದನ್ನು ನೋಡಿ ಗಾಬರಿಯಾಗಬೇಡಿ. ಈ ಪರೀಕ್ಷೆಯಲ್ಲಿ ಅಂಕಿ ಕೆಟ್ಟಷ್ಟೂ ಕೇಬಲ್ಲು ಒಳ್ಳೆಯದು. ಆಮೇಲೆ ಯಂತ್ರವನ್ನು ಮೇಲಕ್ಕೇ ಒಯ್ದು ಆಂಟೆನಾದ ಬಾಯಲ್ಲೇ ಅಳೆಯಿರಿ. ನಿಮ್ಮ ಆಂಟೆನಾದ ನಿಜವಾದ ಎಸ್‌ಡಬ್ಲ್ಯೂಆರ್ ಅದು. 2ಕ್ಕಿಂತ ಕೆಳಗಿದ್ದರೆ ಮುಟ್ಟಲೇಬೇಡಿ. ಮೂರೂವರೆ, ನಾಲ್ಕು ಇದ್ದರೆ ಕನೆಕ್ಟರಿನ ಬೆಸುಗೆ, ಕೀಲಿನಲ್ಲಿ ನೀರು, ಆಂಟೆನಾದ ಉದ್ದ, ಈ ಕ್ರಮದಲ್ಲಿ ನೋಡಿ.

ಬೋಳು ಕೇಬಲ್ಲಿಗೆ ನಿಮ್ಮ ಮನೆಯಲ್ಲಿ 1.4 ಬಂದರೆ ಅಂಗಡಿಯವರಿಗೆ 9 ಡಿಬಿ ಬೇಡವೆಂದು ಹೇಳಿ, ಅದೇ ದುಡ್ಡಿಗೆ ಕೇಬಲ್ ತನ್ನಿ. ಬಂದ ಅಂಕಿ ಏನೇ ಇರಲಿ, ನನಗೊಂದು ಕಾರ್ಡು ಬರೆದು ತಿಳಿಸಿ.